ಶೆಟ್ಟಿಹಳ್ಳಿ: ಮಳೆಗಾಲದಲ್ಲಿ ಮುಳುಗಿ ಏಳುವ ಚರ್ಚ್

ಶೆಟ್ಟಿಹಳ್ಳಿ ರೋಸರಿ ಚರ್ಚಿನ ರೀಲ್ಸ್ ನೀವೂ ನೋಡಿರ್ತೀರಿ. ಸುತ್ತಲೂ ನೀರು, ನಡುವೆ ಕಮಾನುಗಳು. ಅಲ್ಲೊಂದು ಊರಿತ್ತು ಅನ್ನೋದು ಮಾತ್ರ ರೀಲ್ಸ್‌ನಲ್ಲಿ ಕಾಣಲ್ಲ.

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಈ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಅದು ಪೂರ್ಣವಾಯಿತು. ಎಷ್ಟೋ ಹೊಲಗಳಿಗೆ ನೀರು ಸಿಕ್ಕಿತು. ಹಿನ್ನೀರಿನ ಹಳ್ಳಿಗಳವರು ಮನೆ, ಜಮೀನು ಬಿಟ್ಟು ಹೊರಟರು. ಚರ್ಚ್ ಅಲ್ಲೇ ಉಳಿಯಿತು.

ಇಲ್ಲಿ ಗಮನಿಸಬೇಕಾದ್ದು ಚೂಪು ಕಮಾನುಗಳನ್ನು. ಅರ್ಧವೃತ್ತದ ಕಮಾನು ಗೋಡೆಯನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತೆ. ಚೂಪು ಕಮಾನು ಭಾರವನ್ನು ಹೆಚ್ಚಾಗಿ ಕೆಳಕ್ಕೇ ಇಳಿಸುತ್ತೆ. ಹಾಗಾಗಿಯೇ ಗೋಥಿಕ್ ಕಟ್ಟಡಗಳು ಅಷ್ಟು ಎತ್ತರ, ಕಿಟಕಿಗಳು ಅಷ್ಟು ದೊಡ್ಡವು.

ಆದರೆ ಈಗ ಚಾವಣಿ ಇಲ್ಲ. ವರ್ಷವರ್ಷವೂ ನೆನೆದು ಒಣಗುವ ಗೋಡೆಯಲ್ಲಿ ಗಾರೆ ಸಡಿಲವಾಗುತ್ತೆ. ಇತ್ತೀಚಿನ ಮಳೆಗಳಿಗೆ ಕೆಲವು ಭಾಗ ಕುಸಿದೂ ಇದೆ. ನಾನು ಸಾಫ್ಟ್‌ವೇರ್‌ನವನು; ನಮ್ಮಲ್ಲಿ ಒಂದು ಸರ್ವರ್ ಬಿದ್ದರೆ ಬ್ಯಾಕಪ್ ಇರುತ್ತೆ. ಈ ಗೋಡೆಗೆ ಅದಿಲ್ಲ.

ನಮ್ಮ ಹೇರೋಹಳ್ಳಿಯಿಂದ ಮಾಗಡಿ, ಕುಣಿಗಲ್ ಮೇಲೆ ಹೋದರೆ ಸುಮಾರು ನಾಲ್ಕು ಗಂಟೆ ದಾರಿ. ಕಟ್ಟಡ ಪೂರ್ತಿ ನೋಡಬೇಕಾದರೆ ಬೇಸಿಗೆಯಲ್ಲಿ ಹೋಗಿ, ಮುಳುಗಿದ್ದು ನೋಡಬೇಕಾದರೆ ಮಳೆಗಾಲದಲ್ಲಿ. ಫೋಟೊಗಾಗಿ ಗೋಡೆ ಹತ್ತಬೇಡಿ, ಕಮಾನಿನ ಕೆಳಗೆ ನಿಲ್ಲಬೇಡಿ, ಇಟ್ಟಿಗೆ ಮೇಲೆ ಹೆಸರು ಕೆತ್ತಬೇಡಿ. ನೂರಕ್ಕೂ ಹೆಚ್ಚು ವರ್ಷ ಒಂದು ಊರಿನ ಮದುವೆ, ನಾಮಕರಣ, ಸಾವಿನ ಪ್ರಾರ್ಥನೆ ನಡೆದ ಜಾಗ ಅದು.