ಕಲ್ಪನಾ ದತ್ತ

ಕಲ್ಪನಾ ದತ್ತ (27 ಜುಲೈ 1913 – 8 ಫೆಬ್ರವರಿ 1995) ಅವಿಭಜಿತ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ್ತಿ. ಸೂರ್ಯ ಸೇನ್ ನೇತೃತ್ವದ ಚಿತ್ತಗಾಂಗ್ ಕ್ರಾಂತಿಕಾರಿ ದಳದ ಸದಸ್ಯೆಯಾಗಿ ಕರಿನೀರಿನ ಶಿಕ್ಷೆಗೆ ಗುರಿಯಾದ ಇವರು, ಬಿಡುಗಡೆಯ ನಂತರ ಭಾರತ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. 1943ರಲ್ಲಿ ಆ ಪಕ್ಷದ ಪ್ರಧಾನ ಕಾರ್ಯದರ್ಶಿ ಪಿ. ಸಿ. ಜೋಶಿ ಅವರನ್ನು ವಿವಾಹವಾದುದರಿಂದ ಕಲ್ಪನಾ ಜೋಶಿ ಎಂಬ ಹೆಸರಿನಿಂದಲೂ ಪರಿಚಿತರಾಗಿದ್ದಾರೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕಲ್ಪನಾ ಅವರು ಚಿತ್ತಗಾಂಗ್ ಜಿಲ್ಲೆಯ ಶ್ರೀಪುರ ಗ್ರಾಮದಲ್ಲಿ ಜನಿಸಿದರು. ಈ ಪ್ರದೇಶವು ಈಗ ಬಾಂಗ್ಲಾದೇಶದಲ್ಲಿದೆ. ಇವರ ತಾತ ವೈದ್ಯರಾಗಿದ್ದು, ಸರ್ಕಾರದ ಮನ್ನಣೆಗೂ ಪಾತ್ರರಾಗಿದ್ದರು. 1929ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಕಲ್ಪನಾ, ವಿಜ್ಞಾನವನ್ನು ಅಭ್ಯಾಸ ಮಾಡಲು ಕಲ್ಕತ್ತೆಯ ಬೆಥೂನ್ ಕಾಲೇಜನ್ನು ಸೇರಿದರು. ಅಲ್ಲಿ 'ಛಾತ್ರಿ ಸಂಘ'ವೆಂಬ ವಿದ್ಯಾರ್ಥಿನಿಯರ ಸಂಘಟನೆಯ ಸಂಪರ್ಕ ದೊರೆಯಿತು. ಮುಂದೆ ಕ್ರಾಂತಿಕಾರಿಗಳಾಗಿ ಹೆಸರಾದ ಬೀನಾ ದಾಸ್ ಮತ್ತು ಪ್ರೀತಿಲತಾ ವಾದ್ದೇದಾರ್ ಅವರೂ ಆ ಸಂಘದಲ್ಲಿದ್ದರು.

ಚಿತ್ತಗಾಂಗ್ ದಳದಲ್ಲಿ

1930ರ ಏಪ್ರಿಲ್ 18ರ ರಾತ್ರಿ, ಶಾಲಾ ಉಪಾಧ್ಯಾಯರಾಗಿದ್ದು 'ಮಾಸ್ಟರ್‌ದಾ' ಎಂದೇ ಕರೆಯಲ್ಪಡುತ್ತಿದ್ದ ಸೂರ್ಯ ಸೇನ್ ಮತ್ತು ಅವರ ಸಂಗಡಿಗರು ಚಿತ್ತಗಾಂಗಿನ ಶಸ್ತ್ರಾಗಾರಗಳ ಮೇಲೆ ದಾಳಿ ನಡೆಸಿದರು. ಟೆಲಿಫೋನ್ ಮತ್ತು ಟೆಲಿಗ್ರಾಫ್ ಸಂಪರ್ಕಗಳನ್ನು ಕಡಿದುಹಾಕಿ ನಗರವನ್ನು ಹೊರಜಗತ್ತಿನಿಂದ ಬೇರ್ಪಡಿಸುವುದು ಅವರ ಯೋಜನೆಯಾಗಿದ್ದಿತು. ಬಂದೂಕುಗಳು ಕೈಸೇರಿದರೂ ಮದ್ದುಗುಂಡುಗಳು ದೊರೆಯಲಿಲ್ಲ. ನಾಲ್ಕು ದಿನಗಳ ಬಳಿಕ ಜಲಾಲಾಬಾದ್ ಗುಡ್ಡದಲ್ಲಿ ನಡೆದ ಕಾಳಗದಲ್ಲಿ ಹನ್ನೆರಡು ಮಂದಿ ಕ್ರಾಂತಿಕಾರಿಗಳು ಮಡಿದರು. ಉಳಿದವರು ಹಳ್ಳಿಗಳಲ್ಲಿ ಚದುರಿಹೋದರು.

ಕಲ್ಪನಾ ಅವರು ಈ ದಾಳಿಯಲ್ಲಿ ಪಾಲ್ಗೊಂಡಿದ್ದರೆಂದು ಹಲವೆಡೆ ಬರೆಯಲಾಗಿದೆ, ಅದು ಸರಿಯಲ್ಲ. ಆಗ ಇನ್ನೂ ಹದಿನಾರರ ಹರೆಯದ ವಿದ್ಯಾರ್ಥಿನಿಯಾಗಿದ್ದ ಅವರು ದಳವನ್ನು ಸೇರಿದ್ದು ಊರಿಗೆ ಮರಳಿದ ಮೇಲೆ, 1931ರಲ್ಲಿ. ಗುಪ್ತ ಸಂಘಟನೆಗೆ ಸ್ತ್ರೀಯರನ್ನು ಸೇರಿಸಿಕೊಳ್ಳುವುದರಲ್ಲಿ ಅಂದಿನ ಕ್ರಾಂತಿಕಾರಿಗಳಿಗೆ ಹಿಂಜರಿಕೆಯಿದ್ದಿತು. ಆದರೆ ಪ್ರಮುಖ ನಾಯಕರು ಸೆರೆಯಾಗಿ, ತರುಣರ ಮೇಲೆ ಪೊಲೀಸರ ಕಣ್ಗಾವಲು ಬಿಗಿಯಾದಾಗ, ಸಂದೇಹಕ್ಕೆ ಎಡೆಗೊಡದೆ ಓಡಾಡಬಲ್ಲ ಯುವತಿಯರ ನೆರವು ದಳಕ್ಕೆ ಅನಿವಾರ್ಯವಾಯಿತು. ಕಲ್ಪನಾ ಅವರಿಗೆ ಕಲ್ಕತ್ತೆಯಿಂದ ಸ್ಫೋಟಕ ಸಾಮಗ್ರಿಗಳನ್ನು ತರುವ ಕೆಲಸವನ್ನು ವಹಿಸಲಾಯಿತು. ವಿಜ್ಞಾನದ ವಿದ್ಯಾರ್ಥಿನಿಯಾಗಿದ್ದ ಅವರು ಸಿಡಿಹತ್ತಿಯನ್ನು ಸ್ವತಃ ತಯಾರಿಸಿದರು. ನ್ಯಾಯಾಲಯ ಹಾಗೂ ಸೆರೆಮನೆಯನ್ನು ಸ್ಫೋಟಿಸಿ, ವಿಚಾರಣೆಯನ್ನು ಎದುರಿಸುತ್ತಿದ್ದ ನಾಯಕರನ್ನು ಬಿಡಿಸುವ ಯೋಜನೆಯು ಮುಂಚಿತವಾಗಿಯೇ ಬಯಲಾಗಿ ಕೈಗೂಡಲಿಲ್ಲ.

ಪಹಾಡ್‌ತಲಿ ಮತ್ತು ಬಂಧನ

ಪಹಾಡ್‌ತಲಿಯಲ್ಲಿದ್ದ ಯುರೋಪಿಯನ್ ಕ್ಲಬ್ಬಿನ ಮೇಲೆ ದಾಳಿ ಮಾಡುವ ಹೊಣೆಯನ್ನು ಸೂರ್ಯ ಸೇನ್ ಅವರು ಪ್ರೀತಿಲತಾ ಮತ್ತು ಕಲ್ಪನಾ ಇಬ್ಬರಿಗೂ ಒಪ್ಪಿಸಿದ್ದರು. ದಾಳಿಗೆ ಸುಮಾರು ಒಂದು ವಾರವಿರುವಾಗ, 1932ರ ಸೆಪ್ಟೆಂಬರಿನಲ್ಲಿ, ಪುರುಷ ವೇಷದಲ್ಲಿ ಆ ಪ್ರದೇಶಕ್ಕೆ ತೆರಳಿದ್ದ ಕಲ್ಪನಾ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಅವರು ಸೆರೆಯಲ್ಲಿದ್ದಾಗಲೇ ಪ್ರೀತಿಲತಾ ದಾಳಿಯನ್ನು ಮುನ್ನಡೆಸಿ, ಗಾಯಗೊಂಡು, ಸೆರೆಸಿಗದಿರಲು ವಿಷ ಸೇವಿಸಿ ಪ್ರಾಣಬಿಟ್ಟರು.

ಜಾಮೀನಿನ ಮೇಲೆ ಹೊರಬಂದ ಕಲ್ಪನಾ, ಸೂರ್ಯ ಸೇನ್ ಅವರ ಸೂಚನೆಯಂತೆ ತಲೆಮರೆಸಿಕೊಂಡರು. 1933ರ ಫೆಬ್ರವರಿಯಲ್ಲಿ ಗೈರಾಲಾ ಗ್ರಾಮದ ಅಡಗುದಾಣವನ್ನು ಸೈನಿಕರು ಸುತ್ತುವರಿದಾಗ ಸೂರ್ಯ ಸೇನ್ ಸೆರೆಯಾದರು. ಕಲ್ಪನಾ ಗುಂಡಿನ ಮಳೆಯ ನಡುವೆ ತಪ್ಪಿಸಿಕೊಂಡರು. ಮೂರು ತಿಂಗಳ ಅನಂತರ, ಮೇ 19ರಂದು, ಗಹಿರಾ ಗ್ರಾಮದಲ್ಲಿ ತಾರಕೇಶ್ವರ ದಸ್ತಿದಾರ್ ಅವರೊಂದಿಗೆ ಬಂಧಿತರಾದರು.

ಈ ಮೂವರನ್ನೂ ಶಸ್ತ್ರಾಗಾರ ದಾಳಿಗೆ ಸಂಬಂಧಿಸಿದ ಎರಡನೆಯ ಪೂರಕ ಮೊಕದ್ದಮೆಯಲ್ಲಿ ವಿಚಾರಣೆಗೆ ಒಳಪಡಿಸಲಾಯಿತು. ದಾಳಿಯಲ್ಲಿ ಇಲ್ಲದಿದ್ದರೂ ಕಲ್ಪನಾ ಅವರ ಹೆಸರು ಅದರೊಂದಿಗೆ ಬೆಸೆದುಕೊಂಡಿರುವುದಕ್ಕೆ ಈ ಮೊಕದ್ದಮೆಯೂ ಒಂದು ಕಾರಣ. ಆಗಸ್ಟ್ ತಿಂಗಳಲ್ಲಿ ತೀರ್ಪು ಹೊರಬಿದ್ದು, ಸೂರ್ಯ ಸೇನ್ ಮತ್ತು ತಾರಕೇಶ್ವರ ಅವರಿಗೆ ಮರಣದಂಡನೆಯನ್ನೂ, ಆಗತಾನೆ ಇಪ್ಪತ್ತು ವರ್ಷ ತುಂಬಿದ್ದ ಕಲ್ಪನಾ ಅವರಿಗೆ ಆಜೀವ ಕರಿನೀರಿನ ಶಿಕ್ಷೆಯನ್ನೂ ವಿಧಿಸಲಾಯಿತು. ಮೊದಲಿಬ್ಬರನ್ನು 1934ರ ಜನವರಿ 12ರಂದು ಗಲ್ಲಿಗೇರಿಸಲಾಯಿತು.

ವಿಚಾರ ಪರಿವರ್ತನೆ

ಹೆಸರಿಗೆ ಕರಿನೀರಿನ ಶಿಕ್ಷೆಯಾದರೂ ಕಲ್ಪನಾ ಅವರು ಶಿಕ್ಷೆಯನ್ನು ಅನುಭವಿಸಿದ್ದು ಬಂಗಾಳದ ಸೆರೆಮನೆಗಳಲ್ಲಿ. ಗಾಂಧೀಜಿ, ರವೀಂದ್ರನಾಥ ಠಾಕೂರ್ ಮತ್ತು ಸಿ. ಎಫ್. ಆಂಡ್ರೂಸ್ ಅವರು ಇವರ ಬಿಡುಗಡೆಗಾಗಿ ಪ್ರಯತ್ನಿಸಿದರು. 1939ರಲ್ಲಿ ಬಿಡುಗಡೆ ಹೊಂದಿದ ಕಲ್ಪನಾ, ಮರುವರ್ಷ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಆಗ ನಿಷೇಧಕ್ಕೊಳಗಾಗಿದ್ದ ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿದರು.

ಇದು ಅವರೊಬ್ಬರ ನಿರ್ಧಾರವಾಗಿರಲಿಲ್ಲ. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿದ್ದ ಅನೇಕ ಕ್ರಾಂತಿಕಾರಿಗಳು ಇದೇ ಕಾಲದಲ್ಲಿ ಮಾರ್ಕ್ಸ್‌ವಾದದ ಅಧ್ಯಯನ ನಡೆಸಿ ಆ ಮಾರ್ಗವನ್ನು ಹಿಡಿದರು. ಚಿತ್ತಗಾಂಗ್ ದಳದ ಗಣೇಶ್ ಘೋಷ್ ಮತ್ತು ಅಂಬಿಕಾ ಚಕ್ರವರ್ತಿ ಅವರೂ ಕಮ್ಯುನಿಸ್ಟರಾಗಿ, ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳ ವಿಧಾನಸಭೆಗೆ ಆಯ್ಕೆಯಾದರು. ಪ್ರಾಣವನ್ನು ಪಣಕ್ಕಿಟ್ಟ ಕೆಲವೇ ತರುಣರ ಗುಪ್ತ ದಳವು ಜನರಲ್ಲಿ ಸ್ಫೂರ್ತಿಯನ್ನು ತುಂಬಬಲ್ಲುದಾದರೂ, ನಾಯಕರು ಸೆರೆಯಾದೊಡನೆ ಅದರ ಕಾರ್ಯವು ನಿಂತುಹೋಗುತ್ತಿದ್ದಿತು. ರೈತರನ್ನೂ ಕಾರ್ಮಿಕರನ್ನೂ ಸಂಘಟಿಸದೆ ವಿಮೋಚನೆ ಸಾಧ್ಯವಿಲ್ಲವೆಂಬುದು ಈ ಪರಿವರ್ತನೆಯ ಹಿಂದಿನ ಮುಖ್ಯ ವಿಚಾರವಾಗಿದ್ದಿತು.

ಕಮ್ಯುನಿಸ್ಟ್ ಪಕ್ಷದಲ್ಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಚಿತ್ತಗಾಂಗ್ ಗಡಿನಾಡಾಯಿತು. ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿದ ತರುವಾಯ ಕಮ್ಯುನಿಸ್ಟ್ ಪಕ್ಷವು ಯುದ್ಧವನ್ನು 'ಜನತಾ ಯುದ್ಧ'ವೆಂದು ಪರಿಗಣಿಸಿ, 1942ರ ಕ್ವಿಟ್ ಇಂಡಿಯಾ ಚಳವಳಿಯಿಂದ ದೂರ ಉಳಿಯಿತು. ಅದೇ ವರ್ಷ ಸರ್ಕಾರವು ಪಕ್ಷದ ಮೇಲಿನ ನಿಷೇಧವನ್ನು ತೆರವುಗೊಳಿಸಿತು. ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದಿದ್ದವರಿಗೆ ಈ ನಿಲುವನ್ನು ಜನರ ಮುಂದೆ ಸಮರ್ಥಿಸುವುದು ಸುಲಭವಾಗಿರಲಿಲ್ಲ. ಪಕ್ಷವು ಇದಕ್ಕಾಗಿ ರಾಷ್ಟ್ರೀಯವಾದಿಗಳ ತೀವ್ರ ಟೀಕೆಯನ್ನು ಎದುರಿಸಿತು.

1943ರ ಬಂಗಾಳದ ಭೀಕರ ಕ್ಷಾಮದಲ್ಲಿ ಕಲ್ಪನಾ ಅವರು ಪರಿಹಾರ ಕಾರ್ಯದಲ್ಲಿ ತೊಡಗಿದರು. 1945ರಲ್ಲಿ ಚಿತ್ತಗಾಂಗ್ ದಳದ ಸಂಗಾತಿಗಳನ್ನು ಕುರಿತ ಅವರ ನೆನಪುಗಳು ಇಂಗ್ಲಿಷಿನಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದವು. ದಳದೊಳಗಿದ್ದ ಮಹಿಳೆಯೊಬ್ಬರ ಬರಹವಾದುದರಿಂದ ಇದು ಇತಿಹಾಸಕಾರರಿಗೆ ಮಹತ್ವದ ಆಕರವಾಗಿದೆ.

1946ರಲ್ಲಿ ಬಂಗಾಳ ವಿಧಾನಸಭೆಗೆ ನಡೆದ ಚುನಾವಣೆಯಲ್ಲಿ ಅವರು ಚಿತ್ತಗಾಂಗಿನಿಂದ ಕಮ್ಯುನಿಸ್ಟ್ ಅಭ್ಯರ್ಥಿಯಾಗಿ ಸ್ಪರ್ಧಿಸಿ ಪರಾಭವಗೊಂಡರು. ಆಗ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಇರಲಿಲ್ಲ. ಆಸ್ತಿ, ತೆರಿಗೆ, ವಿದ್ಯಾಭ್ಯಾಸ ಮೊದಲಾದ ಅರ್ಹತೆಗಳಿದ್ದವರು ಮಾತ್ರ ಮತ ಚಲಾಯಿಸಬಹುದಾಗಿದ್ದಿತು. ಪಕ್ಷವು ಯಾರ ನಡುವೆ ದುಡಿಯುತ್ತಿದ್ದಿತೋ ಆ ಬಡಜನರಲ್ಲಿ ಹೆಚ್ಚಿನವರು ಮತದಾರರ ಪಟ್ಟಿಯಿಂದ ಹೊರಗೇ ಇದ್ದರು.

ಸ್ವಾತಂತ್ರ್ಯಾನಂತರ

1947ರ ದೇಶ ವಿಭಜನೆಯಲ್ಲಿ ಚಿತ್ತಗಾಂಗ್ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ಯಾವ ನೆಲದ ಬಿಡುಗಡೆಗಾಗಿ ಕಲ್ಪನಾ ಹೋರಾಡಿದ್ದರೋ ಆ ಹುಟ್ಟೂರು ಅವರ ಪಾಲಿಗೆ ಪರದೇಶವಾಯಿತು. 1948ರಲ್ಲಿ ಜೋಶಿ ಅವರು ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನವನ್ನು ಕಳೆದುಕೊಂಡರು. ಮುಂದಿನ ವರ್ಷಗಳಲ್ಲಿ ಕಲ್ಪನಾ ಅವರು ಸಕ್ರಿಯ ರಾಜಕಾರಣದಿಂದ ಹಿಂದೆ ಸರಿದು, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. ರಷ್ಯನ್ ಭಾಷೆಯ ಬೋಧನೆಗೂ ಶ್ರಮಿಸಿದರು. 1995ರಲ್ಲಿ ನಿಧನರಾದರು.

ಸ್ಮರಣೆ

ಇವರ ಸೊಸೆ, ಪತ್ರಕರ್ತೆ ಮಾನಿನಿ ಚಟರ್ಜಿ ಅವರು ಚಿತ್ತಗಾಂಗ್ ಬಂಡಾಯವನ್ನು ಕುರಿತು 'ಡು ಅಂಡ್ ಡೈ' ಎಂಬ ಇಂಗ್ಲಿಷ್ ಗ್ರಂಥವನ್ನು ರಚಿಸಿದ್ದಾರೆ. ಅದನ್ನು ಆಧರಿಸಿ ಆಶುತೋಷ್ ಗೋವಾರಿಕರ್ ಅವರು ನಿರ್ದೇಶಿಸಿದ 'ಖೇಲೇಂ ಹಮ್ ಜೀ ಜಾನ್ ಸೇ' (2010) ಹಿಂದಿ ಚಲನಚಿತ್ರದಲ್ಲಿ, ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ಅವರು ಕಲ್ಪನಾ ಅವರ ಪಾತ್ರವನ್ನು ನಿರ್ವಹಿಸಿದ್ದಾರೆ. ಚಿತ್ರದ ಕಥೆ ಪ್ರಧಾನವಾಗಿ ಬಂಡಾಯದ ವರ್ಷಗಳನ್ನು ಕುರಿತದ್ದು. ಸೆರೆವಾಸದ ನಂತರದ ಅವರ ರಾಜಕೀಯ ಜೀವನವು ಜನಸಾಮಾನ್ಯರಿಗೆ ಅಷ್ಟಾಗಿ ಪರಿಚಿತವಾಗಿಲ್ಲ.