ತೋಟದ ಮಾತು, ಗಿರಾಕಿಗೆ ಓಲೆ

ಕಾಫಿ ಪೂಲ್ ವ್ಯವಸ್ಥೆ ಇದ್ದ ಕಾಲದಲ್ಲಿ ಬೆಳೆಗಾರನಿಗೆ ಗಿರಾಕಿಯ ಮುಖ ನೋಡುವ ಪ್ರಮೇಯವೇ ಇರಲಿಲ್ಲ. ಬೆಳೆದ ಕಾಫಿಯನ್ನು ಮಂಡಳಿಗೆ ಒಪ್ಪಿಸಿ, ಕಂತುಗಳಲ್ಲಿ ಬರುವ ಹಣಕ್ಕೆ ಕಾಯುವುದಷ್ಟೇ ನಮ್ಮ ಕೆಲಸ. ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಕಳಚಿತು. ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ, ನಮ್ಮಲ್ಲಿ ಅನೇಕರು ಇಂದಿಗೂ ಚೆರ್ರಿಯನ್ನೋ ಪಾರ್ಚ್‌ಮೆಂಟನ್ನೋ ವ್ಯಾಪಾರಿಗೆ ಆ ದಿನದ ದರಕ್ಕೆ ತೂಗಿಕೊಟ್ಟು ಮನೆಗೆ ಬರುತ್ತೇವೆ.

ಒಂದೆರಡು ಚೀಲವನ್ನಾದರೂ ಹುರಿಸಿ, ಪುಡಿ ಮಾಡಿಸಿ, ಕುಡಿಯುವವರಿಗೇ ನೇರವಾಗಿ ಮಾರಬೇಕೆಂಬ ಹಂಬಲ ಹಲವು ಸದಸ್ಯ ಬಾಂಧವರಲ್ಲಿದೆ. ತೊಡಕಿರುವುದು ಹುರಿಯುವುದರಲ್ಲಲ್ಲ, ಗಿರಾಕಿಯನ್ನು ಹುಡುಕುವುದರಲ್ಲಿ, ಅದಕ್ಕಿಂತಲೂ ಸಿಕ್ಕವನನ್ನು ಉಳಿಸಿಕೊಳ್ಳುವುದರಲ್ಲಿ. ಪಾಡ್‌ಕಾಸ್ಟ್ ಸಂದರ್ಶನ ಮೊದಲನೆಯದಕ್ಕೂ, ಇ-ಮೇಲ್ ಪತ್ರ ಎರಡನೆಯದಕ್ಕೂ ನೆರವಾಗಬಲ್ಲದು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಶ್ರಮ ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಸಂದರ್ಶನವೇನೂ ನಮಗೆ ಹೊಸತಲ್ಲ. ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಲ್ಲಿ ರೈತರ ಮಾತು ದಶಕಗಳಿಂದ ಕೇಳಿಬರುತ್ತಿದೆ. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಕೃಷಿಕನ ಕೈಗೇ ಲೇಖನಿ ಕೊಟ್ಟಿತು. ಆದರೆ ಅಲ್ಲೆಲ್ಲ ಬೆಳೆಗಾರ ಮಾತಾಡಿದ್ದು ಬೆಳೆಗಾರನೊಡನೆ. ಇಲ್ಲಿ ಎದುರಿಗಿರುವವನು ಬೆಂಗಳೂರಿನಲ್ಲೋ ಪುಣೆಯಲ್ಲೋ ಬೆಳಗಿನ ಲೋಟ ಹಿಡಿದು ಕುಳಿತವನು. ಅವನಿಗೆ ಗೊಬ್ಬರದ ಪ್ರಮಾಣ ಬೇಡ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದನ್ನೂ, ಆ ಮಳೆ ಕೈಕೊಟ್ಟರೆ ಮನೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಗುವುದನ್ನೂ ಹೇಳಬೇಕು. ಸುಮಾರು ಆರು ಕಿಲೋ ಹಣ್ಣು ಕೊಯ್ದರೆ ಒಂದು ಕಿಲೋ ಬೀಜ. ಹುರಿದಾಗ ಅದರಲ್ಲೂ ನೂರಕ್ಕೆ 15ರಿಂದ 20ರಷ್ಟು ತೂಕ ಇಳಿಯುತ್ತದೆ. ಅಂದರೆ ಒಂದು ಕಿಲೋ ಪುಡಿಯ ಹಿಂದೆ ಏಳು ಕಿಲೋಗೂ ಮೇಲ್ಪಟ್ಟ ಹಣ್ಣು, ಅದನ್ನು ಒಂದೊಂದಾಗಿ ಆರಿಸಿದ ಕೈ ಇರುತ್ತವೆ. ಈ ಲೆಕ್ಕ ಕೇಳಿದ ಮೇಲೆ ಬೆಲೆಯ ಬಗ್ಗೆ ಚೌಕಾಶಿ ಮಾಡುವವರು ಕಡಿಮೆ. ಹಣ್ಣು ಕೊಯ್ಯುವ ಹೆಂಗಸರನ್ನೂ, ಹುರಿಯುವವನನ್ನೂ ಮಾತಾಡಿಸಿರಿ. ಯಜಮಾನನ ಮಾತಿಗಿಂತ ಅವರದೇ ಹೆಚ್ಚು ರುಚಿಸುವುದುಂಟು.

ಮುದ್ರಣಕ್ಕೆ ಮೊಬೈಲ್ ಸಾಕು. ಪಲ್ಪರ್ ಓಡುವಾಗ ಕಣದ ಬಳಿ ಕೂರದೆ, ಹಾಸಿಗೆ ಬಟ್ಟೆಗಳಿರುವ ಒಳಕೋಣೆಯಲ್ಲಿ ಕೂತರೆ ಧ್ವನಿ ಮಾರ್ದನಿಸದು. ಬರೆದಿಟ್ಟು ಓದಬೇಡಿ. ಇಪ್ಪತ್ತು ನಿಮಿಷ ಧಾರಾಳವಾಯಿತು.

ಇಷ್ಟಾದರೂ ಕೇಳಿದವನು ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಇರುತ್ತಾನೆ. ಮೆಚ್ಚುತ್ತಾನೆ, ಸಂಜೆಗೆ ಮರೆಯುತ್ತಾನೆ. ಆದ್ದರಿಂದ ಮಾತಿನ ಕೊನೆಯಲ್ಲಿ ‘ಹೊಸ ಕಾಫಿ ಹುರಿದಾಗ ಪತ್ರ ಬರೆಯುತ್ತೇವೆ, ವಿಳಾಸ ಕಳಿಸಿ’ ಎಂದು ಕೇಳಲೇಬೇಕು. ಬೇರೆಯವರ ಪಾಡ್‌ಕಾಸ್ಟಿಗೆ ಅತಿಥಿಯಾಗಿ ಹೋದಾಗಲೂ ಇದೊಂದು ಮಾತಿಗೆ ಅವಕಾಶ ಕೇಳಿಕೊಳ್ಳತಕ್ಕದ್ದು. ಕಳಿಸಬೇಕಾದ ವಿಳಾಸ ಚಿಕ್ಕದಾಗಿದ್ದು, ಕಿವಿಗೆ ಬಿದ್ದಂತೆಯೇ ಬರೆಯಲು ಬರುವಂತಿರಲಿ.

ವಾಟ್ಸಾಪ್ ಇರುವಾಗ ಇ-ಮೇಲ್ ಏಕೆಂದು ಕೇಳುವವರಿದ್ದಾರೆ. ಶುಭೋದಯದ ಹೂಗಳ ರಾಶಿಯಲ್ಲಿ ನಮ್ಮ ಪುಡಿಯ ಸುದ್ದಿ ಮುಳುಗಿಹೋಗುತ್ತದೆ. ಇ-ಮೇಲ್ ಪತ್ರವನ್ನು ಒಂದು ವಾರ ಬಿಟ್ಟು ಹುಡುಕಿದರೂ ಸಿಗುತ್ತದೆ. ಪತ್ರ ತಿಂಗಳಿಗೊಂದಿದ್ದರೆ ಸಾಕು. ಸಂದರ್ಶನದಲ್ಲಿ ಬಂದ ಒಂದು ಸಂಗತಿಯನ್ನು ನಾಲ್ಕು ಸಾಲಿನಲ್ಲಿ ಬರೆದು, ಪೂರ್ತಿ ಕೇಳಲು ಕೊಂಡಿ ಕೊಟ್ಟು, ಕೆಳಗೆ ಹುರಿದ ದಿನಾಂಕ, ಇರುವ ದಾಸ್ತಾನು, ಅಂಚೆವೆಚ್ಚ ಸೇರಿದ ಬೆಲೆ ನಮೂದಿಸಬೇಕು. ಪುಡಿಯ ಪರಿಮಳ ಕೆಲವೇ ವಾರಗಳದ್ದಾದ್ದರಿಂದ ಮೊದಲು ಬೇಡಿಕೆ ಪಡೆದು ಆಮೇಲೆ ಹುರಿಯುವುದು ಮೇಲು; ಈ ಅನುಕೂಲ ಅಂಗಡಿಯವನಿಗಿಲ್ಲ. ದಾಸ್ತಾನು ಮುಗಿದರೆ ಮುಗಿಯಿತೆಂದೇ ಬರೆಯಿರಿ. ಪೇಟೆಯ ಪುಡಿ ತಂದು ಪೊಟ್ಟಣ ತುಂಬಿದವನಿಗೆ ಎರಡನೆಯ ಪತ್ರ ಬರೆಯುವ ಮುಖವಿರದು.

ವಿಳಾಸವನ್ನು ಒಪ್ಪಿಗೆಯಿಂದಲೇ ಪಡೆಯಬೇಕು. ಮದುವೆಯ ಆಮಂತ್ರಣದ ಪಟ್ಟಿಯನ್ನೋ ಸಂಘದ ಸದಸ್ಯರ ಪಟ್ಟಿಯನ್ನೋ ಎತ್ತಿಕೊಂಡು ಬರೆಯುವುದು ಸಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಗೇ ಒತ್ತು ಕೊಡುತ್ತದೆ. ಬೇಡವೆಂದವರ ಹೆಸರನ್ನು ಕೂಡಲೇ ತೆಗೆಯಿರಿ. ಪೊಟ್ಟಣ ಮಾರಲು ಆಹಾರ ಸುರಕ್ಷತಾ ನೋಂದಣಿ ಬೇಕು, ಚಿಕೋರಿ ಬೆರೆಸಿದರೆ ಅದರ ಪ್ರಮಾಣ ಮೇಲೆ ಅಚ್ಚಾಗಿರಬೇಕು.

ಅಡಿಕೆಗೆ ಈ ದಾರಿಯನ್ನು ನಾವು ಸೂಚಿಸುವುದಿಲ್ಲ; ಚಾಲಿ, ಕೆಂಪಡಿಕೆಗಳಿಗೆ ಸಹಕಾರಿ ಖರೀದಿಯೇ ಸರಿ. ಆದರೆ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ತೋಟದ ಜೇನು, ಹಾಳೆತಟ್ಟೆ ಇವು ಕಾಫಿಯ ಪತ್ರದಲ್ಲೇ ಒಂದು ಸಾಲಾಗಿ ಸೇರಬಹುದು.

ಕೊಯ್ಲಿನ ಕಾಲದಲ್ಲಿ ಆಳು ಸಿಗದೆ ಒದ್ದಾಡುವ ಎರಡೆಕರೆಯವನು ಪೊಟ್ಟಣ ಕಟ್ಟುತ್ತ, ಪತ್ರ ಬರೆಯುತ್ತ ಕೂರಲಾರನೆಂಬುದು ನಿಜ. ಹತ್ತು ಮನೆಯವರು ಸೇರಿ ಒಂದೇ ವಿಳಾಸಪಟ್ಟಿ ಇಟ್ಟುಕೊಂಡು, ತಿಂಗಳಿಗೊಬ್ಬರ ತೋಟದ ಮಾತು, ಅದೇ ತೋಟದ ಕಾಫಿ ಎಂದು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೂ ಹತ್ತು ತಿಂಗಳಿಗೊಂದೇ ಸಂದರ್ಶನ, ಒಂದೇ ಪತ್ರ. ಪತ್ರ ಬರೆಯಲು ಓದು ಮುಗಿಸಿ ಮನೆಯಲ್ಲಿರುವ ಮಕ್ಕಳಲ್ಲಿ ಒಬ್ಬರನ್ನು ಗೊತ್ತು ಮಾಡಿ, ಅವರ ದುಡಿಮೆಗೆ ಪೊಟ್ಟಣಕ್ಕಿಷ್ಟೆಂದು ಕೊಡುವ ಮಾತನ್ನು ಮೊದಲೇ ಆಡಿಕೊಳ್ಳಬೇಕು.