ಪ್ರಶಸ್ತಿಭಾಗ, ದಾನಭಾಗ: ಹೋಗಿ ನೋಡಲಾಗದ ವಿಶ್ವವಿದ್ಯಾಲಯವನ್ನು ಅರಿಯುವ ಬಗೆ

ಪದವಿಯ ಕೊನೆಯ ಸೆಮಿಸ್ಟರ್ ಸಮೀಪಿಸಿದಂತೆ ಕನ್ನಡ ಐಚ್ಛಿಕ ತರಗತಿಯಲ್ಲಿ ವರ್ಷವರ್ಷವೂ ಏಳುವ ಪ್ರಶ್ನೆ ಒಂದೇ: ಎಂ.ಎ. ಅಧ್ಯಯನಕ್ಕೆ ಎಲ್ಲಿಗೆ ಹೋಗುವುದು? ಕಾಸರಗೋಡಿನವರಾದ ನಮಗೆ ಕೊಣಾಜೆಯ ಮಂಗಳಗಂಗೋತ್ರಿ ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದಾದಷ್ಟು ಹತ್ತಿರ. ಮೈಸೂರು, ಧಾರವಾಡ, ಹಂಪಿ ಎಂದೊಡನೆ ಲೆಕ್ಕ ಬದಲಾಗುತ್ತದೆ. ಸುಮ್ಮನೆ ನೋಡಿ ಬರುವುದಕ್ಕೇ ಪ್ರಯಾಣದ ಖರ್ಚು, ಜೊತೆಗೆ ಬರುವ ಹಿರಿಯರೊಬ್ಬರು, ಅವರು ಕಳೆದುಕೊಳ್ಳುವ ಎರಡು ಮೂರು ದಿನಗಳ ದುಡಿಮೆ. ‘ಕಾಣದ ಊರಿಗೆ ಮಗಳನ್ನು ಕಳುಹಿಸುವುದು ಹೇಗೆ’ ಎಂಬ ಒಂದೇ ಮಾತಿನಿಂದ, ತುಂಬಿದ ಅರ್ಜಿ ಮನೆಯಲ್ಲೇ ಉಳಿದುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಜತ್ತ, ಅಕ್ಕಲಕೋಟೆ, ತಾಳವಾಡಿಗಳ ವಿದ್ಯಾರ್ಥಿಗಳ ಪಾಡೂ ಬಹುಶಃ ಇದಕ್ಕಿಂತ ಬೇರೆಯಲ್ಲ. ಹೋಗಲಾಗದಿದ್ದರೂ ನೋಡುವ ದಾರಿಗಳು ಈಗ ಹಲವಿವೆ. ನೋಡುವ ಕ್ರಮವನ್ನು ಮಾತ್ರ ತಿಳಿದಿರಬೇಕು.

ಆ ಕ್ರಮವನ್ನು ನೀವು ಈಗಾಗಲೇ ಶಾಸನಪಾಠದಲ್ಲಿ ಕಲಿತಿದ್ದೀರಿ. ಶಾಸನದ ಮೊದಲಿಗೆ ಬರುವ ಪ್ರಶಸ್ತಿಭಾಗದಲ್ಲಿ ಅರಸನು ಸಮುದ್ರಗಳ ನಡುವಿನ ಭೂಮಿಗೆಲ್ಲ ಒಡೆಯ. ಅವನ ಬಿರುದುಗಳಿಗೆ ಕೊನೆಯಿಲ್ಲ. ಅನಂತರ ಬರುವ ದಾನಭಾಗದಲ್ಲಿ ಗದ್ದೆಯ ಅಳತೆ, ಮೂಡಣ ದಿಕ್ಕಿನ ಕೆರೆ, ತೆಂಕಣ ದಿಕ್ಕಿನ ದಾರಿ, ಸಾಕ್ಷಿಗಳ ಹೆಸರು. ಇತಿಹಾಸಕಾರರು ಹೆಚ್ಚು ನಂಬುವುದು ಈ ಎರಡನೆಯ ಭಾಗವನ್ನು. ಎಲ್ಲೆಯನ್ನು ತಪ್ಪಾಗಿ ಬರೆದರೆ ನೆರೆಯ ಹೊಲದವನು ಸುಮ್ಮನಿರುವುದಿಲ್ಲ. ವಿಶ್ವವಿದ್ಯಾಲಯವೊಂದರ ಜಾಲತಾಣದಲ್ಲಿಯೂ ಈ ಎರಡು ಭಾಗಗಳಿವೆ. ಮುಖಪುಟದ ಚಿತ್ರಗಳು, ಡ್ರೋನ್‌ನಿಂದ ತೆಗೆದ ದೃಶ್ಯಗಳು, ಬೆರಳಾಡಿಸಿದಂತೆ ಸುತ್ತಲೂ ತಿರುಗುವ ‘ವರ್ಚುವಲ್ ಟೂರ್’ ಇವೆಲ್ಲ ಪ್ರಶಸ್ತಿಭಾಗ. ಸಂಸ್ಥೆ ತನ್ನ ನಿತ್ಯದ ಕೆಲಸಕ್ಕಾಗಿ ಬರೆದುಕೊಂಡ ಪಠ್ಯಕ್ರಮ, ವೇಳಾಪಟ್ಟಿ, ಸುತ್ತೋಲೆ, ಗ್ರಂಥಾಲಯದ ಸೂಚಿ ದಾನಭಾಗ.

ಈ ಭೇದ ತಿಳಿಯದೆ ನಾನೊಮ್ಮೆ ಮೋಸಹೋದೆ. ನಾನು ಎಂ.ಎ. ಸೇರಿದ ವಿಶ್ವವಿದ್ಯಾಲಯದ ವಿವರಣಪುಸ್ತಿಕೆಯಲ್ಲಿ ನಾಲ್ಕು ಐಚ್ಛಿಕ ಪತ್ರಿಕೆಗಳಿದ್ದವು. ಅವುಗಳಲ್ಲಿ ಒಂದಾದ ಗ್ರಂಥಸಂಪಾದನೆಯ ಆಸೆಯಿಂದಲೇ ನಾನು ಅಲ್ಲಿಗೆ ಹೋದದ್ದು. ಆ ವಿಷಯವನ್ನು ಬೋಧಿಸುತ್ತಿದ್ದ ಅಧ್ಯಾಪಕರು ಹಿಂದಿನ ವರ್ಷವೇ ನಿವೃತ್ತರಾಗಿದ್ದರು, ಆ ಸ್ಥಾನ ಖಾಲಿ ಉಳಿದಿತ್ತು. ಪತ್ರಿಕೆ ಪುಸ್ತಿಕೆಯಲ್ಲಿತ್ತು, ತರಗತಿಯಲ್ಲಿರಲಿಲ್ಲ. ಆದ್ದರಿಂದ ಪಠ್ಯಕ್ರಮವನ್ನು ಓದಿದ ಮೇಲೆ ಅದೇ ವಿಭಾಗದ ಇತ್ತೀಚಿನ ಪರೀಕ್ಷಾ ವೇಳಾಪಟ್ಟಿಯನ್ನೂ ಹುಡುಕಿ ನೋಡಿರಿ. ಯಾವ ಐಚ್ಛಿಕ ಪತ್ರಿಕೆಗೆ ನಿಜವಾಗಿ ಪರೀಕ್ಷೆ ನಡೆದಿದೆಯೋ ಅದನ್ನೇ ಅಲ್ಲಿ ಬೋಧಿಸುತ್ತಾರೆ ಎಂದು ತಿಳಿಯಬಹುದು.

ವಿಭಾಗದ ಒಳಗನ್ನು ಕಾಣಲು ನನಗೆ ತಿಳಿದ ಅತ್ಯುತ್ತಮ ಕಿಟಕಿ ಶೋಧಗಂಗಾ. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ನಿಯಮಗಳಲ್ಲಿ ವಿಧಿಸಿತು; ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಅವುಗಳನ್ನು ಈ ಭಂಡಾರದಲ್ಲಿ ಎಲ್ಲರಿಗೂ ತೆರೆದಿರಿಸಿದೆ. ವಿಶ್ವವಿದ್ಯಾಲಯದ ಹೆಸರನ್ನೂ ವಿಭಾಗವನ್ನೂ ಆರಿಸಿಕೊಂಡು ಪ್ರಬಂಧಗಳ ಶೀರ್ಷಿಕೆ, ಮಾರ್ಗದರ್ಶಕರ ಹೆಸರು, ವರ್ಷ ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಹತ್ತು ವರ್ಷಗಳ ಪಟ್ಟಿ ಮುಂದಿದ್ದರೆ ವಿಭಾಗದ ಒಲವು ತಾನಾಗಿ ಕಾಣಿಸುತ್ತದೆ: ಒಂದೆಡೆ ಜಾನಪದ, ಇನ್ನೊಂದೆಡೆ ಶಾಸನ, ಮತ್ತೊಂದೆಡೆ ಬರಿಯ ಕಾದಂಬರಿ ವಿಮರ್ಶೆ. ಅನಂತರ ಒಂದೆರಡು ಪ್ರಬಂಧಗಳ ಕೃತಜ್ಞತೆಯ ಪುಟವನ್ನು ಓದಿರಿ. ಯಾರೂ ಅದನ್ನು ಜಾಹೀರಾತೆಂದು ಬರೆಯುವುದಿಲ್ಲ. ಸಂಶೋಧಕನು ಯಾವ ಗ್ರಂಥಾಲಯದಲ್ಲಿ ಕುಳಿತಿದ್ದ, ಬೇಕಾದ ಪುಸ್ತಕಕ್ಕೆ ಯಾವ ಊರಿಗೆ ಅಲೆದ, ಗುರುಗಳು ಸಮಯ ಕೊಟ್ಟರೇ ಇಲ್ಲವೇ ಎಂಬುದು ಆ ಒಂದೂವರೆ ಪುಟದಲ್ಲಿ ಇಣುಕುತ್ತದೆ. (ಅಧಿಕ ಹೊಗಳಿಕೆಯನ್ನು ಅಲ್ಲಿಯೂ ಸ್ವಲ್ಪ ಸೋಸಿಕೊಳ್ಳಬೇಕು ಎನ್ನಿ.) ಎಲ್ಲ ಪ್ರಬಂಧಗಳೂ ಭಂಡಾರವನ್ನು ಸೇರಿರುವುದಿಲ್ಲವಾದ್ದರಿಂದ ಪಟ್ಟಿ ಚಿಕ್ಕದೆಂಬ ಒಂದೇ ಕಾರಣಕ್ಕೆ ವಿಭಾಗವನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಹುಡುಕುವಾಗ ವಿಭಾಗದ ಹೆಸರಿನ ಕಡೆ ಗಮನವಿರಲಿ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಶೋಧನೆಯನ್ನೇ ಮುಖ್ಯ ಗುರಿಯಾಗಿಸಿಕೊಂಡದ್ದು. ಅಲ್ಲಿ ಹಸ್ತಪ್ರತಿಶಾಸ್ತ್ರಕ್ಕೆ, ಶಾಸನಕ್ಕೆ, ಬುಡಕಟ್ಟು ಅಧ್ಯಯನಕ್ಕೆ ಬೇರೆಬೇರೆ ವಿಭಾಗಗಳು. ‘ಕನ್ನಡ ವಿಭಾಗ’ ಎಂದಷ್ಟೇ ಹುಡುಕಿದವರಿಗೆ ಅರ್ಧ ಸಂಪತ್ತು ಕಾಣುವುದಿಲ್ಲ. ಮೈಸೂರಿನ ಸ್ಥಿತಿ ಇನ್ನೊಂದು ಬಗೆಯದು. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಪುಟವೊಂದನ್ನೇ ನೋಡಿದರೆ, ಮಾನಸಗಂಗೋತ್ರಿಯೊಳಗಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವಾಗಲಿ, 1891ರಲ್ಲಿ ಆರಂಭವಾಗಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯಿಂದ ಹೆಸರಾದ ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಲಿ ನಿಮ್ಮ ಗಮನಕ್ಕೆ ಬಾರದೆ ಹೋಗಬಹುದು. ಕನ್ನಡ ವಿದ್ಯಾರ್ಥಿಗೆ ಇವೂ ತರಗತಿಯಷ್ಟೇ ಬೆಲೆಯುಳ್ಳವು.

ಗ್ರಂಥಾಲಯವನ್ನು ಪರೀಕ್ಷಿಸಲು ಒಂದು ಸಣ್ಣ ಉಪಾಯವಿದೆ. ಜಾಲದಲ್ಲಿರುವ ಪುಸ್ತಕಸೂಚಿಯಲ್ಲಿ ನಾಲ್ಕು ಹೆಸರುಗಳನ್ನು ಹುಡುಕಿರಿ: ಕಿಟ್ಟೆಲರ 1894ರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ‘ಎಪಿಗ್ರಾಫಿಯಾ ಕರ್ನಾಟಿಕಾ’, ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಚಿಕೆಗಳು. ಇವು ಸಿಕ್ಕರೆ ಆ ಗ್ರಂಥಾಲಯವನ್ನು ಕಟ್ಟಿದವರಿಗೆ ಕನ್ನಡದ ಅರಿವಿತ್ತೆಂದು ಭಾವಿಸಬಹುದು. ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ ದಾಖಲಿಸುವ ರೂಢಿ ಅನೇಕ ಕಡೆ ಇರುವುದರಿಂದ ಎರಡು ಲಿಪಿಗಳಲ್ಲಿಯೂ ಪ್ರಯತ್ನಿಸುವುದು ಅಗತ್ಯ.

ಅಂಕಿಅಂಶಗಳಲ್ಲಿ ನಮಗೆ ಸಂಬಂಧಪಟ್ಟದ್ದು ಒಂದಿದೆ. ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆಗೆ, ಅಂದರೆ ಎನ್‌ಐಆರ್‌ಎಫ್‌ಗೆ, ಸಂಸ್ಥೆಗಳು ಒಪ್ಪಿಸುವ ವಿವರದಲ್ಲಿ ರಾಜ್ಯದೊಳಗಿನ ವಿದ್ಯಾರ್ಥಿಗಳು ಎಷ್ಟು, ಹೊರರಾಜ್ಯದವರು ಎಷ್ಟು ಎಂಬ ಅಂಕಣಗಳಿರುತ್ತವೆ. ಅದು ವಿಭಾಗವಾರು ಲೆಕ್ಕವಲ್ಲ. ಆದರೂ ಹೊರಗಿನಿಂದ ಬಂದವರನ್ನು ನೋಡಿ ಅಭ್ಯಾಸವಿರುವ ಕಚೇರಿಯೇ ಎಂಬ ಸೂಚನೆ ಅದರಲ್ಲಿ ಸಿಗುತ್ತದೆ. ಮನೆಮಾತು ಕನ್ನಡವಾದ ನಾವು ಆ ಪಟ್ಟಿಯಲ್ಲಿ ‘ಹೊರರಾಜ್ಯದವರು’ ಎಂದೇ ಎಣಿಕೆಯಾಗುತ್ತೇವೆ. 1956ರ ಗೆರೆ ಇಲ್ಲಿಯೂ ಬಿಟ್ಟಿಲ್ಲ.

ಸ್ಥಳವನ್ನು ನೋಡಲು ಉಪಗ್ರಹ ನಕ್ಷೆ ಸಾಕು. ಗೂಗಲ್‌ನ ‘ಸ್ಟ್ರೀಟ್ ವ್ಯೂ’ ಭಾರತದಲ್ಲಿ 2022ರಲ್ಲಿ ಕೆಲವೇ ನಗರಗಳಿಂದ ಆರಂಭವಾದುದು. ಆವರಣದ ಒಳರಸ್ತೆಗಳು ಅದರಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ. ನಕ್ಷೆಯಲ್ಲಿ ಅಳತೆಯ ಸಾಧನವಿದೆ: ಹೆಣ್ಣುಮಕ್ಕಳ ವಸತಿನಿಲಯದಿಂದ ಗ್ರಂಥಾಲಯಕ್ಕೆ, ಅಲ್ಲಿಂದ ಬಸ್ ನಿಲ್ಲುವಲ್ಲಿಗೆ ಎಷ್ಟು ಮೀಟರ್ ಎಂದು ಅಳೆಯಿರಿ. ಆ ದಾರಿಯಲ್ಲಿ ರಾತ್ರಿ ಎಂಟಕ್ಕೆ ದೀಪವಿರುತ್ತದೆಯೇ ಎಂಬುದನ್ನು ಮಾತ್ರ ನಕ್ಷೆ ಹೇಳುವುದಿಲ್ಲ. ಅದಕ್ಕೆ ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಯೇ ಬೇಕು. ಅಂಥವರು ದೂರವಾಣಿಯಲ್ಲಿ ಸಿಕ್ಕಾಗ ‘ಅಕ್ಕಾ, ಕಾಲೇಜು ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಕಳೆದ ವಾರ ಎಷ್ಟು ತರಗತಿಗಳು ನಡೆದವು, ನಿನ್ನೆ ರಾತ್ರಿ ಊಟಕ್ಕೆ ಏನಿತ್ತು, ಬೇಸಿಗೆಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ವಸತಿನಿಲಯದಲ್ಲಿ ಸ್ಥಳ ಸಿಗಲು ಎಷ್ಟು ದಿನ ಕಾದಿರಿ ಎಂದು ಕೇಳಿರಿ. ಅವರಿಗೆ ಬಿಡುವಿದ್ದರೆ ವಿಡಿಯೊ ಕರೆಯಲ್ಲಿ ಆ ದಾರಿಯನ್ನೊಮ್ಮೆ ನಡೆದು ತೋರಿಸಲಿ. ತಾಯಿತಂದೆಯರೂ ಪಕ್ಕದಲ್ಲಿ ಕುಳಿತು ನೋಡಲಿ. ಆವರಣದ ಮೇಲೆ ಹಾರುವ ಡ್ರೋನ್ ಕೊಡದ ಧೈರ್ಯವನ್ನು ಆ ಹತ್ತು ನಿಮಿಷ ಕೊಟ್ಟೀತು.

ಕೊನೆಯದಾಗಿ ಕಾಗದಪತ್ರಗಳ ಮಾತು. ಪ್ರವೇಶ ಪ್ರಕಟಣೆಯನ್ನು ಅನುಬಂಧದ ಸಮೇತ ಓದಬೇಕು. ಗಡಿನಾಡು, ಹೊರನಾಡು ಕನ್ನಡಿಗರಿಗೆ ಸ್ಥಾನಗಳಿದ್ದರೆ, ಅದಕ್ಕೆ ಬೇಕಾದ ಪ್ರಮಾಣಪತ್ರದ ನಮೂನೆ ಸಾಮಾನ್ಯವಾಗಿ ಅಲ್ಲಿರುತ್ತದೆ. ಬೇರೆ ವಿಶ್ವವಿದ್ಯಾಲಯದ ಪದವೀಧರರಿಂದ ಅರ್ಹತಾ ಪತ್ರವನ್ನೂ ವಲಸೆ ಪ್ರಮಾಣಪತ್ರವನ್ನೂ ಕೇಳುವುದುಂಟು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಆರಂಭವಾಗಿದೆ, ಕರ್ನಾಟಕ ಅದೇ ವರ್ಷ ಮೂರು ವರ್ಷದ ಪದವಿಗೆ ಮರಳಿದೆ. ಆದ್ದರಿಂದ ಮೂರನೆಯ ವರ್ಷಕ್ಕೆ ಪದವಿ ಪಡೆದು ಹೊರಡುವವರು, ನಾಲ್ಕನೆಯ ವರ್ಷ ಮುಗಿಸುವವರು, ಇಬ್ಬರೂ ತಮಗೆ ಅನ್ವಯಿಸುವ ನಿಯಮವನ್ನು ಆ ವಿಭಾಗಕ್ಕೆ ಮಿಂಚಂಚೆ ಬರೆದು ಕೇಳಿ, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿರಿ. ಹಾಗೆ ಬರೆಯುವ ಪತ್ರದ ಕರಡನ್ನು ತಿದ್ದಿಸಿಕೊಳ್ಳಬೇಕೆನ್ನುವವರು, ಶೋಧಗಂಗಾದಲ್ಲಿ ಹುಡುಕಲು ಯಂತ್ರವಿಲ್ಲದವರು ಮಧ್ಯಾಹ್ನದ ತರಗತಿ ಮುಗಿದ ಮೇಲೆ ವಿಭಾಗಕ್ಕೆ ಬರಬಹುದು. ಗಣಕಯಂತ್ರ ಆ ಹೊತ್ತಿಗೆ ಬಿಡುವಾಗಿರುತ್ತದೆ.